ಕೆಮ್ಮು ಮೈಯದೋ ಮನೆಯದೋ: ಒಳಗಾಳಿಯ ದೋಷ ಪತ್ತೆ ಮಾಡುವ ಬಗೆ

ಗ್ಯಾಸ್ ಒಲೆ ರಿಪೇರಿಗೆಂದು ಹೋದ ಮನೆಯಲ್ಲಿ ನಾನು ಮೊದಲು ತಲೆ ಎತ್ತಿ ಸೂರು ನೋಡುತ್ತೇನೆ. ಒಲೆಯ ನೇರಕ್ಕೆ ಗಾರೆ ಕಂದು ಬಣ್ಣಕ್ಕೆ ತಿರುಗಿದೆಯೇ, ಮೂಲೆಯ ಜೇಡರ ಬಲೆ ಕಪ್ಪಗೆ ದಪ್ಪವಾಗಿ ಜೋತಾಡುತ್ತಿದೆಯೇ, ಫ್ಯಾನಿನ ರೆಕ್ಕೆಯ ಅಂಚಿಗೆ ಜಿಡ್ಡು ಕಟ್ಟಿದೆಯೇ ಎಂದು ನೋಡಿದರೆ ಆ ಮನೆಯವರ ಎದೆಯೊಳಗೆ ಏನು ಇಳಿಯುತ್ತಿದೆ ಎಂಬುದು ಅರ್ಧ ತಿಳಿಯುತ್ತದೆ. ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಲೆ, ಗೀಸರ್, ಎಕ್ಸಾಸ್ಟ್ ಫ್ಯಾನ್ ಬಿಚ್ಚಿ ಜೋಡಿಸುತ್ತಿದ್ದೇನೆ. ಬರ್ನರ್ ಕೆಟ್ಟಿದೆ ಎಂದು ಕರೆದವರು ಮಾತಿನ ನಡುವೆ ಇನ್ನೊಂದು ದೂರನ್ನೂ ಹೇಳುತ್ತಾರೆ. ಮಗುವಿಗೆ ಕೆಮ್ಮು ಹೋಗುತ್ತಿಲ್ಲ. ಅಜ್ಜಿಗೆ ರಾತ್ರಿಯಾದರೆ ಉಬ್ಬಸ. ಬೆಳಿಗ್ಗೆ ಎದ್ದರೆ ತಲೆ ಭಾರ. ಅಷ್ಟರಲ್ಲಿ ಮೂರು ಬಾಟಲಿ ಸಿರಪ್ ಮುಗಿದಿರುತ್ತದೆ, ಮನೆಯ ಗಾಳಿಯನ್ನು ಮಾತ್ರ ಯಾರೂ ಪರೀಕ್ಷಿಸಿರುವುದಿಲ್ಲ.

ಒಲೆಯ ದೋಷ ಹುಡುಕುವ ಹಾಗೆಯೇ ಗಾಳಿಯ ದೋಷವನ್ನೂ ಹುಡುಕಬಹುದು. ಯಾವಾಗ ಕಾಡುತ್ತದೆ, ಮನೆಯ ಯಾವ ಜಾಗದಲ್ಲಿ ಕಾಡುತ್ತದೆ, ಆಗ ಅಲ್ಲಿ ಏನು ಉರಿಯುತ್ತಿತ್ತು ಎಂದು ಬೆನ್ನು ಹತ್ತಿದರೆ ಮೂಲ ಸಿಕ್ಕೇ ಸಿಗುತ್ತದೆ. ನಾನು ಮನೆಮನೆಯಲ್ಲಿ ಮಾಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು

ಎರಡು ಸಂದರ್ಭಗಳಲ್ಲಿ ಹುಡುಕಾಟ ಆಮೇಲೆ, ಜೀವ ಮೊದಲು.

ಒಂದು, ಅಡುಗೆ ಅನಿಲದ ವಾಸನೆ. ಈ ಅನಿಲಕ್ಕೆ ತನ್ನದೇ ವಾಸನೆ ಇಲ್ಲವೆಂದೇ ಹೇಳಬೇಕು. ಸೋರಿದ್ದು ತಿಳಿಯಲಿ ಎಂದೇ ಅದಕ್ಕೆ ದುರ್ನಾತದ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಅನಿಲ ಗಾಳಿಗಿಂತ ಭಾರವಾದ್ದರಿಂದ ಚೆಲ್ಲಿದ ನೀರಿನಂತೆ ನೆಲದ ಮೇಲೆ ಹರಡುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲುಗಳನ್ನು ಅಗಲವಾಗಿ ತೆರೆಯಿರಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ. ವಾಸನೆ ಹೊರಹಾಕಲೆಂದು ಎಕ್ಸಾಸ್ಟ್ ಫ್ಯಾನ್ ಒತ್ತುವುದು ನಾನು ಕಂಡ ಅತಿ ಅಪಾಯದ ತಪ್ಪು. ಎಲ್ಲರೂ ಹೊರಗೆ ಬಂದ ಮೇಲೆ ಅನಿಲ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ.

ಎರಡು, ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ, ಕಾಲಲ್ಲಿ ಬಲವಿಲ್ಲದ ಹಾಗೆ ಆಗುವುದು, ಆದರೆ ಯಾರಿಗೂ ಜ್ವರ ಇಲ್ಲದಿರುವುದು. ಇಲ್ಲವೇ ಸ್ನಾನಕ್ಕೆ ಹೋದವರು ಕರೆದರೂ ಓಗೊಡದಿರುವುದು. ಇದು ಕಾರ್ಬನ್ ಮಾನಾಕ್ಸೈಡ್ ಇರಬಹುದು. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಈ ಅನಿಲವನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಿದ್ದರೂ ಮೈ ಒಳಗಿನಿಂದ ಉಸಿರುಗಟ್ಟುತ್ತದೆ. ತಕ್ಷಣ ಬಯಲಿಗೆ ಕರೆತನ್ನಿ, 108ಕ್ಕೆ ಕರೆ ಮಾಡಿ, ಬಂದವರಿಗೆ ಗೀಸರ್ ಉರಿಯುತ್ತಿತ್ತು ಅಥವಾ ಕೆಂಡ ಇತ್ತು ಎಂದು ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸುತ್ತಿದೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಆ ಸಾಧನಕ್ಕೆ ಹಿಮೋಗ್ಲೋಬಿನ್ ಹೊತ್ತಿರುವುದು ಆಮ್ಲಜನಕವೋ ಈ ವಿಷವೋ ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಸಾಧನ ಅದು, ಅದರ ಮೇಲಿನ ನಂಬಿಕೆ ಇಲ್ಲಿ ಮೋಸ ಮಾಡುತ್ತದೆ.

ಒಂದು ವಾರದ ಚೀಟಿ

ಅಪಾಯವಿಲ್ಲ ಎಂದು ಖಾತ್ರಿಯಾದ ಮೇಲೆ ಅಡುಗೆಮನೆಯ ಕ್ಯಾಲೆಂಡರ್ ಹಿಂದೆ ಒಂದು ಹಾಳೆ ಸಿಕ್ಕಿಸಿ. ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿ ಕೆಮ್ಮು, ತಲೆನೋವು, ಕಣ್ಣುರಿ ಶುರುವಾಯಿತು ಎಂದು ಬರೆಯುತ್ತಾ ಬನ್ನಿ. ಅದರ ಹಿಂದಿನ ಒಂದು ಗಂಟೆಯಲ್ಲಿ ಏನು ಹೊತ್ತಿಸಿದ್ದಿರಿ, ಏನು ಸಿಂಪಡಿಸಿದ್ದಿರಿ, ಯಾವ ಕಿಟಕಿ ಮುಚ್ಚಿತ್ತು ಎಂಬುದನ್ನೂ ಸೇರಿಸಿ.

ಊರಿಗೆ ಹೋದ ಎರಡು ದಿನ ಕೆಮ್ಮು ಇಲ್ಲ, ಮನೆಗೆ ಬಂದ ರಾತ್ರಿಯೇ ಶುರು ಎಂದಾದರೆ ದೋಷ ಮನೆಯೊಳಗಿದೆ. ಸಂಜೆ ಏಳರಿಂದ ಒಂಬತ್ತರ ನಡುವೆ ಮಾತ್ರ ಕಾಡಿದರೆ ಅಡುಗೆ, ಧೂಪ, ಸೊಳ್ಳೆ ಬತ್ತಿ ಈ ಮೂರರ ಮೇಲೆ ಕಣ್ಣಿಡಿ. ಹಾಸಿಗೆಗೆ ಬಿದ್ದ ಮೇಲೆ ಸೀನು ಬಂದರೆ ಹಾಸಿಗೆಯೇ ಆರೋಪಿ. ಓಣಿಯ ಹತ್ತು ಮನೆಗಳಿಗೂ ಅದೇ ಹೊತ್ತಿಗೆ ಕೆಮ್ಮು ಎಂದರೆ ಹೊಗೆ ಹೊರಗಿನಿಂದ ಬರುತ್ತಿದೆ. ನಿಟುವಳ್ಳಿಯ ಒಂದು ಮನೆಯಲ್ಲಿ ಹುಡುಗನ ಕೆಮ್ಮು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಎಂದು ಚೀಟಿಯಲ್ಲಿ ಬಂದಿತ್ತು. ಆ ಎರಡು ದಿನ ಪೂಜೆಯಾದ ಮೇಲೆ ಅವರ ತಾಯಿ ಲೋಬಾನದ ಹೊಗೆಯನ್ನು ಎಲ್ಲ ಕೋಣೆಗೂ ಹಿಡಿದು, ಹೊಗೆ ಹೋಗಬಾರದೆಂದು ಬಾಗಿಲು ಹಾಕುತ್ತಿದ್ದರು. ಚೀಟಿ ಇಲ್ಲದಿದ್ದರೆ ನಾನು ಒಲೆಯನ್ನೇ ಬಿಚ್ಚುತ್ತಾ ಕೂರುತ್ತಿದ್ದೆ.

ಗ್ಯಾಸ್ ಒಲೆ ಇರುವ ಅಡುಗೆಮನೆ

ಒದ್ದೆ ಬಿಳಿ ಬಟ್ಟೆಯಿಂದ ಅನ್ನದ ಪಾತ್ರೆಯ ತಳ ಒರೆಸಿ. ಬಟ್ಟೆಗೆ ಮಸಿ ಹತ್ತಿದರೆ ಅನಿಲ ಪೂರ್ತಿ ಉರಿಯುತ್ತಿಲ್ಲ. ಆಮೇಲೆ ದೀಪ ಆರಿಸಿ ಜ್ವಾಲೆ ನೋಡಿ. ನೀಲಿಯಾಗಿ, ತುದಿ ಚೂಪಾಗಿ, ಬರ್ನರಿಗೆ ಅಂಟಿಕೊಂಡು ಉರಿದರೆ ಸರಿ. ಹಳದಿಯಾಗಿ ತೂಗಾಡಿದರೆ ಗಾಳಿ ಸಾಲುತ್ತಿಲ್ಲ. ಉಪ್ಪಿನ ಧೂಳು ಬಿದ್ದಾಗ, ಸಾರು ಉಕ್ಕಿದಾಗ ಕಿತ್ತಳೆ ಬಣ್ಣ ಮಿಂಚಿ ಹೋಗುವುದು ಬೇರೆ; ಅದು ದೋಷವಲ್ಲ. ನಿಂತು ಉರಿಯುವ ಹಳದಿ ಮಾತ್ರ ದೋಷ.

ಹಳದಿ ಜ್ವಾಲೆಗೆ ಹತ್ತರಲ್ಲಿ ಏಳೆಂಟು ಸಲ ಕಾರಣ ಕಸವೇ. ಬರ್ನರಿನ ಮೇಲ್ಭಾಗ ತೆಗೆದು ಬೆಳಕಿಗೆ ಹಿಡಿದರೆ ಯಾವ ತೂತು ಮುಚ್ಚಿದೆ ಎಂದು ಕಾಣುತ್ತದೆ. ಬಿಸಿನೀರು ಮತ್ತು ಸೋಪಿನಲ್ಲಿ ನೆನೆಸಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಪೂರ್ತಿ ಒಣಗಿಸಿ ಕೂರಿಸಿ. ಅಷ್ಟಕ್ಕೂ ಹಳದಿ ಹೋಗದಿದ್ದರೆ ಒಲೆಯ ಕೆಳಗೆ ಗಾಳಿ ಮತ್ತು ಅನಿಲ ಬೆರೆಯುವ ಕೊಳವೆ ಇದೆ. ಅದರ ಬಾಯಲ್ಲಿ ಜೇಡ ಗೂಡು ಕಟ್ಟಿರುತ್ತದೆ, ಜಿರಳೆಯ ಮರಿ ಸತ್ತಿರುತ್ತದೆ. ಅನಿಲ ಚಿಮ್ಮುವ ಪುಟ್ಟ ಮೂತಿ, ಅಂದರೆ ಜೆಟ್ಟಿನ ತೂತಿಗೆ ಮಾತ್ರ ಸೂಜಿ ಹಾಕಬೇಡಿ. ಅದು ಕೂದಲೆಳೆಯಷ್ಟು ದೊಡ್ಡದಾದರೂ ಅನಿಲ ಹೆಚ್ಚಾಗಿ ಜ್ವಾಲೆ ಮತ್ತೆ ಹಳದಿಯಾಗುತ್ತದೆ. ಜೆಟ್ ಬದಲಿಸುವುದು ಮೆಕ್ಯಾನಿಕ್ ಕೆಲಸ. ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವರನ್ನು ಇಂದಿಗೂ ಕಾಣುತ್ತೇನೆ, ಕಂಡಾಗಲೆಲ್ಲ ಎದೆ ಝಲ್ಲೆನ್ನುತ್ತದೆ.

ಜ್ವಾಲೆ ನೀಲಿಯಾಗಿದ್ದರೂ ಕೆಲಸ ಮುಗಿಯಲಿಲ್ಲ. ನೀಲಿ ಜ್ವಾಲೆಯ ಶಾಖದಲ್ಲೂ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ, ಅದು ಅಸ್ತಮಾ ಇರುವವರ ಶ್ವಾಸನಾಳವನ್ನು ಕೆರಳಿಸುತ್ತದೆ. ಕಾದು ಹೊಗೆಯಾಡುವ ಎಣ್ಣೆಯದು ಇನ್ನೊಂದು ಬಾಧೆ. ನಮ್ಮೂರಲ್ಲಿ ಸಂಜೆಯ ಮಳೆಗೆ ಮಿರ್ಚಿ ಮಂಡಕ್ಕಿ ಬೇಕೇ ಬೇಕು. ಮೆಣಸಿನಕಾಯಿ ಕರಿಯುವಾಗ ಎಣ್ಣೆಯಿಂದ ತೆಳುವಾದ ನೀಲಿ ಹೊಗೆ ಎದ್ದಿತೆಂದರೆ ಉರಿ ತಗ್ಗಿಸುವ ಹೊತ್ತು ಮೀರಿದೆ ಎಂದರ್ಥ. ಜೋರು ಉರಿಯಲ್ಲಿ ಕರಿಯುವಾಗ ಏಳುವ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ಸಾಧ್ಯತೆ ಉಳ್ಳದ್ದೆಂದು ಗುರುತಿಸಿದೆ.

ಈಗ ಎಕ್ಸಾಸ್ಟ್ ಫ್ಯಾನ್. ತಿರುಗುತ್ತಿದೆ, ಸದ್ದು ಮಾಡುತ್ತಿದೆ ಎಂದ ಮಾತ್ರಕ್ಕೆ ಹೊಗೆ ಎಳೆಯುತ್ತಿದೆ ಎಂದಲ್ಲ. ಒಂದು ಊದುಬತ್ತಿ ಹಚ್ಚಿ ಒಲೆಯ ಮೇಲೆ ಹಿಡಿಯಿರಿ. ಹೊಗೆಯ ಎಳೆ ಫ್ಯಾನಿನತ್ತ ಬಾಗಬೇಕು. ನೇರ ಮೇಲೆ ಹೋಗಿ ಸೂರಿಗೆ ಬಡಿದು ಹರಡಿದರೆ ಫ್ಯಾನಿನ ರೆಕ್ಕೆ ಜಿಡ್ಡುಗಟ್ಟಿದೆ, ಹೊರಗಿನ ಮುಚ್ಚಳ ತೆರೆಯುತ್ತಿಲ್ಲ, ಇಲ್ಲವೇ ರಿಪೇರಿಯಲ್ಲಿ ಫ್ಯಾನನ್ನು ತಿರುವುಮುರುವಾಗಿ ಕೂರಿಸಿದ್ದಾರೆ. ನಾಲ್ಕನೆಯ ಕಾರಣ ಬಹಳ ಜನರಿಗೆ ಹೊಳೆಯುವುದಿಲ್ಲ: ಒಳಗೆ ಗಾಳಿ ಬರಲು ದಾರಿಯೇ ಇಲ್ಲ. ಎಲ್ಲ ಬಾಗಿಲು ಕಿಟಕಿ ಮುಚ್ಚಿ ಫ್ಯಾನ್ ಹಾಕುವುದು ತುಂಬಿದ ಬಾಟಲಿಯನ್ನು ತಲೆಕೆಳಗೆ ಹಿಡಿದ ಹಾಗೆ, ಒಳಕ್ಕೆ ಗಾಳಿ ಹೋದರೆ ತಾನೇ ನೀರು ಹೊರಕ್ಕೆ ಬರುವುದು? ಫ್ಯಾನಿಗೆ ಎದುರು ದಿಕ್ಕಿನ ಒಂದು ಕಿಟಕಿಯನ್ನು ನಾಲ್ಕು ಬೆರಳು ತೆರೆದು ಮತ್ತೆ ಊದುಬತ್ತಿ ಹಿಡಿಯಿರಿ. ಹೊಗೆಯ ಎಳೆ ಸರಕ್ಕನೆ ಬಾಗುವುದನ್ನು ಮನೆಯವರಿಗೆ ತೋರಿಸಿದಾಗ ಅವರ ಮುಖದಲ್ಲಿ ಮೂಡುವ ಅಚ್ಚರಿ ನನಗೆ ಕೂಲಿಗಿಂತ ಹೆಚ್ಚು. ಇನ್ನು ಸೀಲಿಂಗ್ ಫ್ಯಾನ್ ಮತ್ತು ಏಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತವೆ. ಅವು ಗಾಳಿ ಬದಲಿಸುವುದಿಲ್ಲ.

ಸೌದೆ ಒಲೆ, ಹಂಡೆ ಒಲೆ

ಮನೆಯಲ್ಲಿ ಸಿಲಿಂಡರ್ ಇದ್ದರೂ ಬಚ್ಚಲಿನ ಹಂಡೆಗೆ ಸೌದೆಯೇ. ಜಗಳೂರು, ಹರಿಹರ, ಹೊನ್ನಾಳಿ ಕಡೆಯ ಹಳ್ಳಿಗಳಲ್ಲಿ ಮೆಕ್ಕೆಜೋಳದ ಬೆಂಡು, ಚನ್ನಗಿರಿ ಕಡೆ ಅಡಿಕೆ ಸಿಪ್ಪೆ, ತೆಂಗಿನ ಗರಿ. ಉಜ್ವಲಾ ಯೋಜನೆ 2016ರಲ್ಲಿ ಬಂದ ಮೇಲೆ ಅಡುಗೆಯ ಹೊಗೆ ಕಡಿಮೆಯಾದ ಮನೆಗಳಲ್ಲೂ ಬಚ್ಚಲಿನ ಹೊಗೆ ಹಾಗೆಯೇ ಉಳಿದಿದೆ, ಅದು ಮಲಗುವ ಕೋಣೆಗೆ ನುಗ್ಗುತ್ತದೆ. 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು, ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮಕ್ಕಳಿಗೆ ನ್ಯುಮೋನಿಯಾ, ಗರ್ಭಿಣಿಯರಿಗೆ ಕಡಿಮೆ ತೂಕದ ಶಿಶು, ಬೀಡಿ ಮುಟ್ಟದ ಹೆಂಗಸರಿಗೂ ಬೀಡಿ ಸೇದಿದವರಿಗೆ ಬರುವ ದಮ್ಮು, ಕಣ್ಣಿನ ಪೊರೆ, ಹೃದಯಾಘಾತ, ಪಾರ್ಶ್ವವಾಯು ಇವೆಲ್ಲಕ್ಕೂ ಈ ಹೊಗೆಯ ನಂಟಿದೆ. ನನ್ನ ಅವ್ವ ನಲವತ್ತು ವರ್ಷ ಊದುಗೊಳವೆ ಹಿಡಿದು ಒಲೆಯ ಮುಂದೆ ಕೂತವಳು. ಕೊನೆಯ ವರ್ಷಗಳಲ್ಲಿ ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅದು ವಯಸ್ಸು ಎಂದು ನಾವೆಲ್ಲ ತಿಳಿದಿದ್ದೆವು.

ಹೊಗೆ ಕೊಳವೆ ಇದ್ದೂ ಹೊಗೆ ಮನೆಗೆ ಬರುತ್ತಿದ್ದರೆ ಹೀಗೆ ನೋಡಿ. ಒಲೆ ಹೊತ್ತಿಸಿದ ಮೊದಲ ಐದು ನಿಮಿಷ ಮಾತ್ರ ಹೊಗೆ ಹಿಂದಕ್ಕೆ ಬಂದರೆ ಕೊಳವೆ ತಣ್ಣಗಿದೆ, ಅಷ್ಟೇ. ಕೊಳವೆಯ ಬುಡದಲ್ಲಿ ಒಂದು ಒಣ ಕಾಗದ ಉರಿಸಿ ಬಿಸಿ ಮಾಡಿ, ಆಮೇಲೆ ಸೌದೆಗೆ ಬೆಂಕಿ ಇಡಿ. ಉದ್ದಕ್ಕೂ ಹೊಗೆ ಬಂದರೆ ಕೊಳವೆಯಲ್ಲಿ ಮಸಿ ಕಟ್ಟಿದೆ. ಉದ್ದ ಕೋಲಿಗೆ ಗೋಣಿ ಸುತ್ತಿ ಮೇಲಿನಿಂದ ಎಳೆಯಿರಿ, ಒಂದೊಂದು ಸಲ ಹಕ್ಕಿ ಗೂಡೂ ಬೀಳುತ್ತದೆ. ಆಷಾಢದ ಗಾಳಿಗೆ ಮಾತ್ರ ಹೊಗೆ ಒಳಕ್ಕೆ ತಿರುಗಿದರೆ ಕೊಳವೆ ಗಿಡ್ಡವಾಗಿದೆ ಎಂದರ್ಥ, ಅದರ ತುದಿ ಸೂರಿನ ಅತಿ ಎತ್ತರದ ಜಾಗವನ್ನು ದಾಟಿರಬೇಕು, ಮೇಲೊಂದು ಟೋಪಿ ಇರಬೇಕು. ಪಕ್ಕದವರು ಮಹಡಿ ಕಟ್ಟಿದ ಮೇಲೆ ಶುರುವಾದ ಹೊಗೆಗೂ ಇದೇ ಮದ್ದು.

ಉರುವಲನ್ನೂ ನೋಡಿ. ಉರಿಯುವ ಸೌದೆಯ ಹಿಂದಿನ ತುದಿಯಲ್ಲಿ ನೊರೆ ಬಂದು ಸುಂಯ್‌ಗುಟ್ಟಿದರೆ ಅದು ಹಸಿ. ಮಳೆಗಾಲದಲ್ಲಿ ನೆನೆದ ಬೆಂಡು ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಬೇಗ ಹೊತ್ತಲಿ ಎಂದು ಹಾಲಿನ ಪ್ಯಾಕೆಟ್, ಹರಿದ ಚಪ್ಪಲಿ, ವೈರಿನ ತುಂಡು ಒಲೆಗೆ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ, ಕೈ ಮುಗಿದು ಕೇಳುತ್ತೇನೆ. ಪಿವಿಸಿ ಸುಟ್ಟರೆ ಆಮ್ಲದ ಆವಿ ಹೊರಡುತ್ತದೆ, ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತದೆ.

ಗ್ಯಾಸಿಗೆ ಬದಲಾಗುವುದೇ ಒಳ್ಳೆಯ ದಾರಿ. ಅದು ಆಗದ ಮನೆಗೆ ಹೊಗೆ ಕೊಳವೆ ಇರುವ ಸುಧಾರಿತ ಒಲೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ವಿಜ್ಞಾನ ಒದಗಿಸಲೆಂದು ಕಟ್ಟಿದ ಅಸ್ತ್ರ ಘಟಕದಲ್ಲಿ ರೂಪುಗೊಂಡ ಅಸ್ತ್ರ ಒಲೆಯನ್ನು ನಮ್ಮ ಕಡೆಯ ಹಿರಿಯರು ಇನ್ನೂ ನೆನೆಯುತ್ತಾರೆ. ಅದರ ಕೊಳವೆಯನ್ನು ಗುಡಿಸದೆ ಬಿಟ್ಟ ಮನೆಗಳಲ್ಲಿ ಅದೂ ಹೊಗೆಯಿತು; ತಪ್ಪು ಒಲೆಯದಲ್ಲ. ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿಯನ್ನು ಇಲಿ ಬರುತ್ತದೆಂದು, ಮಳೆ ಸೋರುತ್ತದೆಂದು ಸಿಮೆಂಟು ಹಾಕಿ ಮುಚ್ಚಿದವರು ಅದನ್ನು ಮತ್ತೆ ತೆರೆಸಿ, ಮೇಲೆ ಗಾಜಿನ ಚಪ್ಪಡಿಯನ್ನು ಒಂದು ಗೇಣು ಎತ್ತರಿಸಿ ಕೂರಿಸಿದರೆ ಹೊಗೆಗೂ ದಾರಿ, ಬೆಳಕಿಗೂ ದಾರಿ.

ಹೊಗೆಯಿಲ್ಲದ ಬೆಂಕಿ: ಕೆಂಡ ಮತ್ತು ಗ್ಯಾಸ್ ಗೀಸರ್

ಮಲೇಬೆನ್ನೂರು ಕಡೆಯ ಒಂದು ಹಳ್ಳಿಗೆ ಒಲೆ ಜೋಡಿಸಲು ಹೋಗಿದ್ದೆ. ಒಳಗೆ ಹನ್ನೊಂದು ದಿನದ ಬಾಣಂತಿ. ಎಂಟು ಅಡಿಗೆ ಒಂಬತ್ತು ಅಡಿಯ ಕೋಣೆ, ಕಿಟಕಿಗೆ ಕಂಬಳಿ, ವೆಂಟಿಲೇಟರಿಗೆ ಹಳೆ ಸೀರೆ, ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ, ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಓಂಕಾಳು, ಸಾಂಬ್ರಾಣಿ. ಆ ಹೆಣ್ಣುಮಗಳು ಎರಡು ದಿನದಿಂದ ತಲೆ ಎತ್ತಲಾರೆ ಎನ್ನುತ್ತಿದ್ದಳು. ಹೆರಿಗೆಯ ನಿತ್ರಾಣ ಎಂದು ಮನೆಯವರು ತಿಳಿದಿದ್ದರು.

"ಅಜ್ಜಿ, ಈ ಕೆಂಡವನ್ನು ಅಂಗಳಕ್ಕೆ ಇಡೋಣವೇ?" ಎಂದೆ.

"ಬೇಡ ತಮ್ಮಾ, ಬಾಣಂತಿಗೆ ಗಾಳಿ ತಾಗಿದರೆ ಸನ್ನಿಯಾಗುತ್ತದೆ."

"ಬೀಸುವ ಗಾಳಿ ತಾಗುವುದು ಬೇಡ ಅಜ್ಜಿ, ಉಸಿರಾಡುವ ಗಾಳಿ ಬೇಕಲ್ಲ. ಹೊಗೆ ಹೋದ ಕೆಂಡ ಒಳ್ಳೆಯದು ಎಂದು ನೀವು ತಿಳಿದಿದ್ದೀರಿ. ಹೊಗೆ ನಿಂತ ಮೇಲೂ ಕೆಂಡ ವಿಷ ಕಕ್ಕುತ್ತದೆ, ಕಣ್ಣಿಗೆ ಕಾಣುವುದಿಲ್ಲ."

ಅಜ್ಜಿ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ತಾವೇ ಸೆರಗಿನಲ್ಲಿ ಹಿಡಿದು ಅಗ್ಗಿಷ್ಟಿಕೆಯನ್ನು ಹೊರಗೆ ತಂದರು. ಮಂಚಕ್ಕೆ ನೇರವಿಲ್ಲದ ವೆಂಟಿಲೇಟರ್ ತೆರೆದೆವು. ಅವಳನ್ನು ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕೋಣೆಯಲ್ಲಿ ಕೆಂಡ ಇತ್ತು ಎಂದು ವೈದ್ಯರಿಗೆ ಹೇಳಿ ಎಂದು ಒತ್ತಾಯಿಸಿದೆ, ಅವರು ಹೋದರು. ಆ ಹಸುಗೂಸು ನಿಮಿಷಕ್ಕೆ ನಲವತ್ತರ ಆಸುಪಾಸು ಸಲ ಉಸಿರಾಡುತ್ತದೆ, ನಾವು ಹದಿನೈದಿಪ್ಪತ್ತು ಸಲ. ಒಂದೇ ಕೋಣೆಯಲ್ಲಿ ಮಲಗಿದ್ದರೂ ಅದರ ಪುಟ್ಟ ಮೈಗೆ ಇಳಿಯುವ ವಿಷದ ಪಾಲು ದೊಡ್ಡದು. ಬೆಚ್ಚಗಿರಬೇಕೆಂದರೆ ಬಿಸಿನೀರಿನ ಚೀಲ, ಬಿಸಿಲಿಗೆ ಹಾಕಿದ ಹೊದಿಕೆ ಸಾಕು. ಕೂದಲು ಒಣಗಿಸಲು ಬಿಸಿಲಿದೆ.

ಗ್ಯಾಸ್ ಗೀಸರ್ ಈ ಕೆಂಡದ ತಮ್ಮ. ಚಿಕ್ಕ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿ ಗೀಸರ್ ಉರಿಸಿದರೆ ಅದು ಕೋಣೆಯ ಆಮ್ಲಜನಕವನ್ನೇ ಬಳಸುತ್ತದೆ. ಆಮ್ಲಜನಕ ಇಳಿದಂತೆ ಜ್ವಾಲೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಕರ್ನಾಟಕದಲ್ಲಿ ಪ್ರತಿ ಚಳಿಗಾಲ ಈ ಸಾವಿನ ಸುದ್ದಿ ಪತ್ರಿಕೆಯಲ್ಲಿ ಓದುತ್ತೇವೆ. ವಿನೋಬನಗರದ ಒಂದು ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿಗೆ ತಲೆಸ್ನಾನದ ದಿನ ಮಾತ್ರ ತಲೆ ಸುತ್ತುತ್ತಿತ್ತು. ರಕ್ತಹೀನತೆ ಎಂದು ಕಬ್ಬಿಣದ ಮಾತ್ರೆ ನಡೆಯುತ್ತಿತ್ತು. ತಲೆಸ್ನಾನ ಎಂದರೆ ಇಪ್ಪತ್ತು ನಿಮಿಷ ಗೀಸರ್. ವೆಂಟಿಲೇಟರಿಗೆ ಸೊಳ್ಳೆ ಬರದಂತೆ ಹಾಲಿನ ಪ್ಯಾಕೆಟ್ಟುಗಳನ್ನು ಬಿಡಿಸಿ ಟೇಪು ಅಂಟಿಸಿದ್ದರು. ಗೀಸರನ್ನು ಹೊರಗೋಡೆಗೆ ಸಾಗಿಸಿ ಬಿಸಿನೀರಿನ ಪೈಪ್ ಮಾತ್ರ ಒಳಗೆ ಎಳೆದೆ. ಇದೊಂದೇ ಪೂರ್ತಿ ನಂಬಬಹುದಾದ ರಿಪೇರಿ. ಅದು ಆಗುವವರೆಗೆ ಬಾಗಿಲು ತೆರೆದು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ.

ಸೊಳ್ಳೆ ಬತ್ತಿ, ಊದುಬತ್ತಿ, ಧೂಪ

ಒಂದು ಸೊಳ್ಳೆ ಸುರುಳಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟುಗಳ ಹೊಗೆಗೆ ಸಮ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಳೆದು ತೋರಿಸಿತು. ಸಿಗರೇಟು ಸೇದುವವನನ್ನು ಮನೆಯಿಂದ ಹೊರಗೆ ಕಳಿಸುವ ನಾವೇ ಮಗುವಿನ ತೊಟ್ಟಿಲ ಕೆಳಗೆ ಸುರುಳಿ ಇಡುತ್ತೇವೆ. ಪತ್ತೆ ಸುಲಭ: ನಾಲ್ಕು ರಾತ್ರಿ ಸುರುಳಿ ಬಿಟ್ಟು ಸೊಳ್ಳೆ ಪರದೆ ಕಟ್ಟಿ. ಬೆಳಗಿನ ಗಂಟಲು ಕೆರೆತ ನಿಂತರೆ ಕಳ್ಳ ಸಿಕ್ಕ. ಹಾಗೆಂದು ಸೊಳ್ಳೆಯನ್ನು ಸಹಿಸಿಕೊಳ್ಳಿ ಎನ್ನುವುದಿಲ್ಲ, ನಮ್ಮ ಜಿಲ್ಲೆಯಲ್ಲಿ ಡೆಂಗಿ ಇದೆ. ಪರದೆ, ಕಿಟಕಿಗೆ ಜಾಲರಿ, ತೊಟ್ಟಿಯ ನೀರು ಚೆಲ್ಲುವುದು, ಇವು ಹೊಗೆಯಿಲ್ಲದ ದಾರಿಗಳು. ದೇವರ ಮುಂದೆ ಒಂದು ಊದುಬತ್ತಿ ಹಚ್ಚಿ, ಕಿಟಕಿ ತೆರೆದಿಡಿ. ಉಬ್ಬಸ ಇರುವವರ ಮನೆಯಲ್ಲಿ ತುಪ್ಪದ ದೀಪವೊಂದೇ ಸಾಕು.

ಹೊರಗಿನಿಂದ ಬರುವ ಹೊಗೆ

ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ. ಗಾಳಿಯ ಗುಣಮಟ್ಟ ಮಿತಿಯೊಳಗಿಲ್ಲ ಎಂಬ ಕಾರಣಕ್ಕೇ ಆ ಪಟ್ಟಿಗೆ ಸೇರಿದ ಊರು ನಮ್ಮದು. ಹಾಗಾಗಿ ಕಿಟಕಿ ತೆರೆಯಿರಿ ಎಂದು ಕಣ್ಣು ಮುಚ್ಚಿ ಹೇಳುವಂತಿಲ್ಲ.

ಮೂರು ಸ್ಟೀಲ್ ತಟ್ಟೆಗಳಿಗೆ ತೆಳ್ಳಗೆ ವ್ಯಾಸಲೀನ್ ಸವರಿ, ಒಂದನ್ನು ಬೀದಿ ಕಿಟಕಿಯಲ್ಲಿ, ಒಂದನ್ನು ಅಡುಗೆಮನೆಯಲ್ಲಿ, ಒಂದನ್ನು ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಬೆರಳಿನಿಂದ ಉಜ್ಜಿ ನೋಡಿ. ಕಂದು ಬಣ್ಣದಲ್ಲಿ ಕರಕರ ಎಂದರೆ ರಸ್ತೆಯ ಮಣ್ಣು. ಕಪ್ಪಗೆ ಎಣ್ಣೆಯಂತೆ ಎಳೆದುಕೊಂಡರೆ ಸುಟ್ಟ ಮಸಿ. ಬಿಳಿ ಎಳೆಗಳಾದರೆ ಹತ್ತಿ, ಬಟ್ಟೆಯ ನಾರು. ಬೀದಿ ಕಿಟಕಿಯ ತಟ್ಟೆಯೇ ಹೆಚ್ಚು ಕಪ್ಪಾದರೆ ಹೊಗೆ ಹೊರಗಿನದು. ಭತ್ತವನ್ನು ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಮಾಡುವ ಭಟ್ಟಿಗಳ ಪಕ್ಕದ ಓಣಿಗಳಲ್ಲಿ ಈ ಕಪ್ಪನ್ನು ನಾನು ಕಂಡಿದ್ದೇನೆ. ಅಗ್ಗದ ಉರುವಲೆಂದು ಎಲ್ಲಾದರೂ ಟೈರ್ ಉರಿಸಿದರೆ ಆ ರಬ್ಬರಿನ ನಾತವೇ ಸಾಕ್ಷಿ ಹೇಳುತ್ತದೆ. ಭಟ್ಟಿಯಲ್ಲಿ ದುಡಿಯುವವರ ಎದೆಗೇ ಎಲ್ಲರಿಗಿಂತ ಮೊದಲು ಆ ಹೊಗೆ ಇಳಿಯುವುದು. ಅವರ ಹೊಟ್ಟೆಪಾಡಿಗೆ ಕಲ್ಲು ಹಾಕದೆ ಒಳ್ಳೆಯ ಉರುವಲು, ಎತ್ತರದ ಚಿಮಣಿ ಕೊಡಿಸುವುದು ಊರಿನ ಹೊಣೆ. ನಗರಪಾಲಿಕೆಗೆ ದೂರು ಕೊಡುವಾಗ ದಿನಾಂಕ, ಹೊತ್ತು ಬರೆದ ಚೀಟಿ ಇದ್ದರೆ ಮಾತಿಗೆ ತೂಕ ಬರುತ್ತದೆ.

ನವೆಂಬರಿನಿಂದ ಫೆಬ್ರವರಿವರೆಗೆ ಮುಂಜಾವಿನ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಹೊಗೆಯನ್ನು ಮೇಲೇಳಲು ಬಿಡುವುದಿಲ್ಲ. ಆ ತಿಂಗಳುಗಳಲ್ಲಿ ಬೀದಿ ಕಡೆಯ ಕಿಟಕಿಯನ್ನು ಬಿಸಿಲೇರಿದ ಮೇಲೆ, ಹತ್ತು ಗಂಟೆಯ ನಂತರ ತೆರೆಯಿರಿ. ಒಕ್ಕಣೆಯ ಕಾಲದಲ್ಲಿ ಮೆಕ್ಕೆಜೋಳದ ರವದಿಯ ಧೂಳಿಗೆ ಒದ್ದೆ ಪರದೆ ಸ್ವಲ್ಪ ತಡೆ.

ಉರಿಯದೆ ಕಾಡುವವು

ಬೀರುವಿನ ಬಟ್ಟೆಗೆ ಹಾಕುವ ನುಸಿ ಗುಳಿಗೆ, ಅಂದರೆ ನಾಫ್ತಲೀನ್, ಕೆಲವು ಶಿಶುಗಳಲ್ಲಿ ರಕ್ತಕಣಗಳನ್ನೇ ಒಡೆಯುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವ ಮಕ್ಕಳಿಗೆ ಇದು ಅಪಾಯ. ಕೂಸಿನ ಬಟ್ಟೆ ಇರುವ ಕಡೆ ಅದು ಬೇಡವೇ ಬೇಡ. ಹೊಸ ಪ್ಲೈವುಡ್ ಕಪಾಟು, ಹೊಸ ಬಣ್ಣದ ವಾಸನೆಗೆ ಕಣ್ಣುರಿದರೆ ಕೆಲವು ವಾರ ಕಿಟಕಿ ತೆರೆದಿಟ್ಟು ಬೇರೆ ಕೋಣೆಯಲ್ಲಿ ಮಲಗಿ. ಶೌಚಾಲಯಕ್ಕೆ ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಒಟ್ಟಿಗೆ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಒಂದು ದಿನ ಒಂದೇ. ಕಳ್ಳರ ಭಯಕ್ಕೆ ಪಡಸಾಲೆಯಲ್ಲಿ ನಿಲ್ಲಿಸುವ ಬೈಕಿನಿಂದ ರಾತ್ರಿಯಿಡೀ ಪೆಟ್ರೋಲ್ ಆವಿ ಬರುತ್ತದೆ. ಬೆಳಿಗ್ಗೆ ಒಳಗೇ ಸ್ಟಾರ್ಟ್ ಮಾಡುವುದಂತೂ ಕೂಡದು, ತಳ್ಳಿಕೊಂಡು ಹೊರಗೆ ಹೋಗಿ ಕಿಕ್ ಹೊಡೆಯಿರಿ. ಹಳೆಯ ಆಸ್ಬೆಸ್ಟಾಸ್ ಶೀಟನ್ನು ಕೊರೆಯಬೇಡಿ, ಮುರಿಯಬೇಡಿ. ಅದರ ನಾರಿನ ಧೂಳು ಕ್ಯಾನ್ಸರ್ ತರುತ್ತದೆ.

ರಾತ್ರಿಯ ಸೀನಿಗೆ ಅರಳೆ ಗಾದಿ ನೋಡಿ. ಹತ್ತು ವರ್ಷ ಬಿಚ್ಚಿ ಹೊಲಿಸದ ಗಾದಿಯಲ್ಲಿ ಧೂಳುನುಸಿ ಸಂಸಾರ ಹೂಡಿರುತ್ತದೆ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಕುದಿಯುವಷ್ಟು ಬಿಸಿ ನೀರಿನಲ್ಲಿ ಒಗೆಯಿರಿ, ಗಾದಿಯನ್ನು ಬಿಸಿಲಿಗೆ ಹಾಕಿ ಹೊರಗೆ ಬಡಿಯಿರಿ. ಬಚ್ಚಲಿನ ಗೋಡೆಗೆ ತಾಗಿದ ಬೀರುವನ್ನು ಸರಿಸಿದರೆ ಹಿಂದೆ ಬೂಷ್ಟು ಕಾಣಬಹುದು. ಅದನ್ನು ಒರೆಸುವ ಮೊದಲು ಸೋರುವ ನಲ್ಲಿ ರಿಪೇರಿ ಮಾಡಿಸಿ, ಇಲ್ಲದಿದ್ದರೆ ಹದಿನೈದು ದಿನಕ್ಕೆ ಮತ್ತೆ ಬರುತ್ತದೆ.

ಮನೆಯೊಳಗೆ ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. 1989ರಲ್ಲಿ ನಾಸಾ ಮಾಡಿದ ಪರೀಕ್ಷೆ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ನಡೆದದ್ದು. ಗಾಳಿಯಾಡುವ ಮನೆಯಲ್ಲಿ ನಾಲ್ಕು ಕುಂಡಗಳಿಂದ ಹೇಳಿಕೊಳ್ಳುವಷ್ಟು ವ್ಯತ್ಯಾಸ ಆಗುವುದಿಲ್ಲ. ಗಿಡ ಬೆಳೆಸಿ, ಕಣ್ಣಿಗೆ ತಂಪು.

ಮೀಟರ್ ಕೊಳ್ಳುವವರಿಗೆ

ತಟ್ಟೆಯಲ್ಲಿ ಕಂಡದ್ದು ದಪ್ಪ ಕಣ. ಶ್ವಾಸಕೋಶದ ಆಳಕ್ಕೆ ಇಳಿದು ರಕ್ತಕ್ಕೂ ದಾಟುವ ಕಣಗಳು 2.5 ಮೈಕ್ರಾನಿಗಿಂತ ಸಣ್ಣವು, ತಲೆಕೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಪಾಲು. ಅವನ್ನು ತೋರಿಸುವ ಪಿಎಂ 2.5 ಮೀಟರ್‌ಗಳು ಈಗ ಸಿಗುತ್ತವೆ. ಘನ ಮೀಟರ್ ಗಾಳಿಯಲ್ಲಿ 24 ಗಂಟೆಯ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದೆಂಬುದು ಭಾರತದ ಮಿತಿ. 15 ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ. ಒಗ್ಗರಣೆ ಹಾಕಿದ ಕ್ಷಣದ ಅಂಕಿ ನೋಡಿ ಗಾಬರಿಯಾಗಬೇಡಿ. ಅಡುಗೆ ಮುಗಿದು ಅರ್ಧ ಗಂಟೆಯಾದರೂ ಅಂಕಿ ಇಳಿಯದಿದ್ದರೆ ಮಾತ್ರ ಗಾಳಿಯ ದಾರಿ ಕಟ್ಟಿದೆ ಎಂದರ್ಥ. ಮಂಜು ಮುಸುಕಿದ ದಿನ ಮೀಟರ್ ಹನಿಗಳನ್ನೂ ಕಣಗಳೆಂದು ಎಣಿಸಿ ಹೆಚ್ಚು ತೋರಿಸುತ್ತದೆ. ಈ ಮೀಟರಿಗೆ ಕಾರ್ಬನ್ ಮಾನಾಕ್ಸೈಡ್ ಕಾಣುವುದಿಲ್ಲ. ಅದಕ್ಕೆ ಬೇರೆ ಅಲಾರಂ ಬೇಕು. ಅಡುಗೆ ಅನಿಲ ಸೋರಿಕೆಯ ಅಲಾರಂ ಕೂಡ ಆ ಕೆಲಸ ಮಾಡುವುದಿಲ್ಲ.

ರಿಪೇರಿಯ ನಂತರ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಸುರುಳಿ ಬಿಟ್ಟು, ಗಾದಿ ಬದಲಿಸಿ, ಬರ್ನರ್ ತೊಳೆದು ಎಲ್ಲವನ್ನೂ ಒಂದೇ ದಿನ ಮಾಡಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕು. ಗೀಸರ್ ಮತ್ತು ಕೆಂಡಕ್ಕೆ ಮಾತ್ರ ಈ ನಿಯಮವಿಲ್ಲ, ಅವನ್ನು ಕಂಡ ಕೂಡಲೇ ಸರಿಪಡಿಸಿ. ಪ್ರತಿ ಬದಲಾವಣೆಗೆ ನಾಲ್ಕೈದು ದಿನ ಕೊಟ್ಟು ಚೀಟಿ ಮುಂದುವರಿಸಿ.

ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಸಂಜೆಯ ಜ್ವರ, ತೂಕ ಇಳಿಯುವುದು, ಮಗುವಿನ ಪಕ್ಕೆಲುಬು ಒಳಕ್ಕೆ ಎಳೆದುಕೊಳ್ಳುವುದು ಕಂಡರೆ ಗಾಳಿಯ ಪತ್ತೆ ಮುಗಿಯಲಿ ಎಂದು ಕಾಯಬೇಡಿ. ಕ್ಷಯವೂ ಇರಬಹುದು, ನ್ಯುಮೋನಿಯಾವೂ ಇರಬಹುದು. ಹೋಗುವಾಗ ಕ್ಯಾಲೆಂಡರ್ ಹಿಂದಿನ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಳ್ಳಿ. ಮನೆಯಲ್ಲಿ ಯಾವ ಒಲೆ, ಯಾವ ಉರುವಲು, ಗೀಸರ್ ಎಲ್ಲಿದೆ, ಸುರುಳಿ ಉರಿಸುತ್ತೀರಾ ಎಂಬುದನ್ನು ಅದರ ತಲೆಬದಿಯಲ್ಲಿ ಬರೆದಿರಿ, ವೈದ್ಯರು ಕೇಳದಿದ್ದರೂ ಅವರ ಮೇಜಿನ ಮೇಲೆ ಬಿಡಿಸಿ ಇಡಿ.